ಮಲಪ್ಪುರಂ ಸೆವೆನ್ಸ್ ನೋಡಲು ಹೊರಟವರಿಗೆ: ದಾರಿ, ಟಿಕೆಟ್, ಅಟ್ಟಣಿಗೆ, ವಾಪಸ್ ಪಯಣ

ಕೊಯ್ಲು ಮುಗಿದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಸುತ್ತ ಅಡಿಕೆ ಮರದ ಕಂಬ ನೆಟ್ಟು, ಹಲಗೆ ಕಟ್ಟಿ ಅಟ್ಟಣಿಗೆ ಎಬ್ಬಿಸಿ, ಹೊನಲು ಬೆಳಕು ಹಾಕಿ, ರಾತ್ರಿ ಎಂಟು ಎಂಟೂವರೆ ಹೊತ್ತಿಗೆ ಏಳೇಳು ಜನರ ಎರಡು ತಂಡ ಇಳಿಸುತ್ತಾರೆ. ಅದೇ ಸೆವೆನ್ಸ್ ಫುಟ್‌ಬಾಲ್. ಕೇರಳದ ಮಲಬಾರಿನಲ್ಲಿ, ಅದರಲ್ಲೂ ಮಲಪ್ಪುರಂ ಜಿಲ್ಲೆಯಲ್ಲಿ, ನವೆಂಬರ್‌ನಿಂದ ಮೇ ತನಕ ಒಂದಲ್ಲ ಒಂದು ಊರಿನಲ್ಲಿ ಕಪ್ಪಿಗಾಗಿ ಪಂದ್ಯ ನಡೆಯುತ್ತಲೇ ಇರುತ್ತದೆ. ಮೈಸೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ತಲುಪಬಹುದಾದ ದೂರ. ಆದರೂ ನಮ್ಮ ಕಡೆಯಿಂದ ಹೋಗುವವರಲ್ಲಿ ಅನೇಕರು ಎರಡು ತಪ್ಪು ಮಾಡುತ್ತಾರೆ: ನೇರವಾಗಿ ಫೈನಲ್‌ಗೇ ಹೋಗುತ್ತಾರೆ, ಮತ್ತು ಪಂದ್ಯ ಮುಗಿದ ಮೇಲೆ ಎಲ್ಲಿಗೆ ಹೋಗುವುದು ಅಂತ ಮೊದಲೇ ಯೋಚಿಸಿರುವುದಿಲ್ಲ.

ಮೊದಲ ಸಲ ಹೋಗುವವರು ಫೈನಲ್ ಬಿಡಿ, ಕ್ವಾರ್ಟರ್‌ಫೈನಲ್ ನೋಡಿ. ಆಟದ ಮಟ್ಟ ಹೆಚ್ಚು ಕಮ್ಮಿ ಅದೇ, ಎರಡೂ ಕಡೆ ಬಲವಾದ ತಂಡಗಳೇ ಉಳಿದಿರುತ್ತವೆ. ಆದರೆ ಕೂರಲು ಜಾಗ ಸಿಗುತ್ತದೆ, ಅಟ್ಟಣಿಗೆಯ ಮೇಲೆ ಅತಿಭಾರ ಬೀಳುವುದಿಲ್ಲ, ಹೊರಗೆ ಬರುವಾಗ ನೂಕುನುಗ್ಗಲು ಇರುವುದಿಲ್ಲ, ಆಟೋ ಸಿಗುತ್ತದೆ. ಫೈನಲ್ ದಿನ ಈ ನಾಲ್ಕೂ ತಲೆಕೆಳಗು.

ಯಾವ ತಿಂಗಳು

ಡಿಸೆಂಬರ್ ನಡುವಿನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಮಳೆಯ ಭಯ ಕಡಿಮೆ, ರಾತ್ರಿ ಸೆಕೆಯೂ ಸಹಿಸುವಷ್ಟು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಬೇಸಿಗೆ ಮಳೆ ಬಂದರೆ ಗದ್ದೆಯ ಮಣ್ಣು ಕೆಸರಾಗುತ್ತದೆ, ಪಂದ್ಯ ಮುಂದಕ್ಕೆ ಹೋಗುತ್ತದೆ. ಮಳೆ ಮಧ್ಯಾಹ್ನ ಮೂರಕ್ಕೇ ನಿಂತಿದ್ದರೂ ನೀರು ಇಂಗದಿದ್ದರೆ ಆಟ ಇಲ್ಲ.

ರಂಜಾನ್ ತಿಂಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಹೆಚ್ಚಿನ ಕಡೆ ಆಗ ಪಂದ್ಯಾವಳಿ ನಿಲ್ಲಿಸುತ್ತಾರೆ, ಹಗಲು ಹೋಟೆಲುಗಳೂ ಬಹಳಷ್ಟು ಮುಚ್ಚಿರುತ್ತವೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯದು. ಈಗಿನ ವರ್ಷಗಳಲ್ಲಿ ಅದು ಸೆವೆನ್ಸ್ ಋತುವಿನ ಒಳಗೇ ಬೀಳುತ್ತಿದೆ.

ಇನ್ನೊಂದು, ಹರತಾಳ. ಕೇರಳದಲ್ಲಿ ಹರತಾಳ ಅಂದರೆ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಬಸ್ಸು, ಅಂಗಡಿ ಬಂದ್. ರಾತ್ರಿ ಪಂದ್ಯ ನಡೆದರೂ ನಡೆದೀತು, ನೀವು ಮಾತ್ರ ದಾರಿಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಹೊರಡುವ ಹಿಂದಿನ ರಾತ್ರಿ ಒಮ್ಮೆ ಸುದ್ದಿ ನೋಡಿ.

ಪಂದ್ಯ ಎಲ್ಲಿದೆ ಅಂತ ಪತ್ತೆ ಹಚ್ಚುವುದು

ಇದೇ ಈ ಪ್ರಯಾಣದ ಕಷ್ಟದ ಭಾಗ. ಆನ್‌ಲೈನ್ ಟಿಕೆಟ್ ತಾಣ, ವರ್ಷದ ವೇಳಾಪಟ್ಟಿ ಇಂಥವುಗಳನ್ನು ನಂಬಿ ಕೂರುವ ಆಟ ಇದಲ್ಲ. ಸೆವೆನ್ಸ್ ನಡೆಸುವುದು ಊರಿನ ಕ್ಲಬ್ಬುಗಳು. ಅವಕ್ಕೆ ಸೆವೆನ್ಸ್ ಫುಟ್‌ಬಾಲ್ ಅಸೋಸಿಯೇಷನ್ ಎಂಬ ತಮ್ಮದೇ ಸಂಘಟನೆ ಇದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಲೆಕ್ಕದಲ್ಲಿ ಈ ಆಟ ಇಲ್ಲ. ಹಾಗಾಗಿ ಫೆಡರೇಷನ್ನಿನ ಜಾಲತಾಣದಲ್ಲಿ ಹುಡುಕಿದರೆ ಏನೂ ಸಿಗದು.

ಹುಡುಕಬೇಕಾದ್ದು ಹೀಗೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸೆವೆನ್ಸ್ ಪುಟಗಳು ದಿನಾ ಆ ರಾತ್ರಿಯ ಎಲ್ಲ ಪಂದ್ಯಗಳ ಪಟ್ಟಿ ಹಾಕುತ್ತವೆ. ಪಟ್ಟಿ ಮಲಯಾಳದಲ್ಲಿರುತ್ತದೆ. ಲಿಪಿ ಬಾರದಿದ್ದರೆ ಫೋನಿನ ಕ್ಯಾಮೆರಾ ಅನುವಾದ ಸಾಕು. ‘ಇನ್ನತ್ತೆ ಮತ್ಸರಂ’ ಅಂದರೆ ಇವತ್ತಿನ ಪಂದ್ಯ. ನಮ್ಮ ಹೊಟ್ಟೆಕಿಚ್ಚಿನ ಮತ್ಸರ ಅಲ್ಲಿ ಸ್ಪರ್ಧೆ. ‘ನಾಳೆ’, ‘ರಾತ್ರಿ’ ಎರಡೂ ಕನ್ನಡದ್ದೇ ಅರ್ಥ.

ಪಟ್ಟಿ ಓದುವಾಗ ಎಡವುವ ಜಾಗ ಒಂದಿದೆ. ತಂಡದ ಹೆಸರಿನಲ್ಲಿ ಊರು ಇರುತ್ತದೆ: ಫಿಫಾ ಮಂಜೇರಿ, ಸೂಪರ್ ಸ್ಟುಡಿಯೋ ಮಲಪ್ಪುರಂ, ಅಲ್ ಮದೀನ ಚೆರ್ಪುಳಶ್ಶೇರಿ, ಸಬಾನ್ ಕೋಟ್ಟಕ್ಕಲ್, ಜವಾಹರ್ ಮಾವೂರ್, ರಾಯಲ್ ಟ್ರಾವೆಲ್ಸ್ ಕೋಯಿಕ್ಕೋಡ್. ಆ ಊರಿಗೂ ಪಂದ್ಯ ನಡೆಯುವ ಜಾಗಕ್ಕೂ ಸಂಬಂಧವಿಲ್ಲ. ಮಂಜೇರಿ ತಂಡ ಇವತ್ತು ಎಡಪ್ಪಾಳಿನಲ್ಲಿ, ನಾಳೆ ವಂಡೂರಿನಲ್ಲಿ, ನಾಡಿದ್ದು ಜಿಲ್ಲೆಯ ಆಚೆ ಎಲ್ಲೋ ಆಡುತ್ತಿರುತ್ತದೆ. ಪಟ್ಟಿಯಲ್ಲಿ ಪಂದ್ಯಾವಳಿಯ ಹೆಸರಿನ ಪಕ್ಕ ಬರೆದ ಊರೇ ಮೈದಾನ. ಅದನ್ನು ನಕ್ಷೆಯಲ್ಲಿ ಹುಡುಕುವಾಗ ಹತ್ತಿರದ ಪೇಟೆಯ ಹೆಸರನ್ನೂ ಸೇರಿಸಿ ಹುಡುಕಿ. ಒಂದೇ ಹೆಸರಿನ ಹಳ್ಳಿಗಳು ಅಲ್ಲಿ ಹಲವು.

ಊರು ಗೊತ್ತಾದ ಮೇಲೆ ಪೋಸ್ಟರಿನಲ್ಲಿರುವ ಕ್ಲಬ್ಬಿನ ಸಂಖ್ಯೆಗೆ ಒಮ್ಮೆ ಫೋನ್ ಮಾಡಿ. ಹಿಂದಿನ ದಿನ ಒಂದು ಸಲ, ಪಂದ್ಯದ ದಿನ ಮಧ್ಯಾಹ್ನ ಇನ್ನೊಂದು ಸಲ. ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಆ ರಾತ್ರಿಯ ಆಟ ಮುಂದೂಡಬಹುದು, ಆ ಸುದ್ದಿ ಪಟ್ಟಿಯಲ್ಲಿ ತಡವಾಗಿ ಬರುತ್ತದೆ. ಕೇಳಬೇಕಾದ್ದು ಮೂರೇ ಮಾತು: ‘ಇನ್ನ್ ಕಳಿ ಉಂಡೋ?’ ಇವತ್ತು ಆಟ ಇದೆಯೇ. ‘ಎತ್ರ ಮಣಿಕ್ಕಾ?’ ಎಷ್ಟು ಗಂಟೆಗೆ. ‘ಎವಿಡೆಯಾ ಗ್ರೌಂಡ್?’ ಮೈದಾನ ಎಲ್ಲಿ. ಕನ್ನಡದಲ್ಲೋ ಹಿಂದಿಯಲ್ಲೋ ಮಾತಾಡಿದರೂ ಸಾಮಾನ್ಯವಾಗಿ ಆ ಕಡೆ ಯಾರಾದರೂ ಫೋನ್ ಇಸಿದುಕೊಂಡು ಉತ್ತರ ಕೊಡುತ್ತಾರೆ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಬೀದಿಯಲ್ಲೇ ಇರಬಹುದು. ಬೆಂಗಳೂರು, ಮೈಸೂರಿನ ಬೇಕರಿ, ಟೀ ಅಂಗಡಿ, ಜ್ಯೂಸ್ ಅಂಗಡಿಗಳಲ್ಲಿ ಮಲಬಾರಿನ ಹುಡುಗರು ತುಂಬ. ಟೀ ಕುಡಿಯುತ್ತ ‘ಈಗ ಯಾವ ಊರಲ್ಲಿ ಸೆವೆನ್ಸ್ ನಡೀತಿದೆ?’ ಅಂತ ಕೇಳಿ ನೋಡಿ. ಊರು ಗೊತ್ತಾಗುವುದರ ಜೊತೆಗೆ ಅಲ್ಲಿರುವ ಅಣ್ಣನದೋ ಗೆಳೆಯನದೋ ನಂಬರೂ ಸಿಗಬಹುದು. ಅಪರಿಚಿತ ಹಳ್ಳಿಗೆ ರಾತ್ರಿ ಹೋಗುವಾಗ ಆ ಒಂದು ನಂಬರು ದೊಡ್ಡ ಆಸರೆ.

ಯಾವ ಪಂದ್ಯಾವಳಿ ಅಂತ ಆರಿಸುವ ಅವಕಾಶ ಇದ್ದರೆ ಪೆರಿಂದಲ್ಮಣ್ಣದ ಖಾದರಲಿ ಸೆವೆನ್ಸ್ ಮೊದಲ ಆಯ್ಕೆ. ಐದು ದಶಕ ದಾಟಿದ ಹಳೆಯ ಪಂದ್ಯಾವಳಿ, ಪೇಟೆಯಲ್ಲೇ ನಡೆಯುತ್ತದೆ, ಹತ್ತಿರ ರೈಲು ನಿಲ್ದಾಣ, ಲಾಡ್ಜು, ಆಸ್ಪತ್ರೆ ಎಲ್ಲ ಇವೆ. ಹೊಸಬರಿಗೆ ಹೇಳಿಮಾಡಿಸಿದ ಜಾಗ. ಗದ್ದೆಯ ನಡುವಿನ ಹಳ್ಳಿ ಕಪ್ಪನ್ನು ಎರಡನೆಯ ಪ್ರವಾಸಕ್ಕೆ ಇಟ್ಟುಕೊಳ್ಳಿ. ಇಷ್ಟು ದೂರ ಆಗದು ಅನ್ನುವವರು ಕೊಡಗಿನ ಸುಂಟಿಕೊಪ್ಪದಲ್ಲಿ ಬೇಸಿಗೆಗೆ ನಡೆಯುವ ಗೋಲ್ಡ್ ಕಪ್ ಫುಟ್‌ಬಾಲ್ ಪಂದ್ಯಾವಳಿಯಿಂದ ಶುರು ಮಾಡಬಹುದು.

ಬೆಂಗಳೂರಿನಿಂದ ರೈಲು

ಕಣ್ಣೂರು ಎಕ್ಸ್‌ಪ್ರೆಸ್ ಅನ್ನುವ ಹೆಸರಿನಲ್ಲಿ ಬೆಂಗಳೂರಿನಿಂದ ಎರಡು ರೈಲುಗಳಿವೆ, ಟಿಕೆಟ್ ಮಾಡುವಾಗ ಕಲಸಿಹೋಗುತ್ತವೆ. ನಿಮಗೆ ಬೇಕಾದ್ದು ಯಶವಂತಪುರದಿಂದ ಸೇಲಂ, ಪಾಲಕ್ಕಾಡು, ಶೊರನೂರು ಮೂಲಕ ಹೋಗುವ 16527. ಇನ್ನೊಂದು ಹಾಸನ, ಮಂಗಳೂರು ಸುತ್ತಿ ಬಡಗಲಿಂದ ಕಣ್ಣೂರಿಗೆ ಬರುತ್ತದೆ. ಅದರಲ್ಲಿ ಹತ್ತಿದರೆ ಮಲಪ್ಪುರಂ ಇನ್ನೂ ದೂರವೇ ಉಳಿಯುತ್ತದೆ. 16527 ರಾತ್ರಿ ಎಂಟರ ಸುಮಾರಿಗೆ ಹೊರಟು ಬೆಳಿಗ್ಗೆ ಶೊರನೂರು, ಆಮೇಲೆ ತಿರೂರು ಮುಟ್ಟುತ್ತದೆ.

ಎಲ್ಲಿ ಇಳಿಯಬೇಕು ಅನ್ನುವುದು ಮೈದಾನದ ಮೇಲೆ ನಿಂತಿದೆ. ಮಲಪ್ಪುರಂ, ಕೋಟ್ಟಕ್ಕಲ್ ಕಡೆಗಾದರೆ ತಿರೂರು. ಅಲ್ಲಿಂದ ಮಲಪ್ಪುರಂ ಪೇಟೆಗೆ ಸುಮಾರು 26 ಕಿ.ಮೀ., ಖಾಸಗಿ ಬಸ್ಸುಗಳು ಬೆಳಗಿನಿಂದಲೇ ಓಡುತ್ತವೆ. ಪೆರಿಂದಲ್ಮಣ್ಣ, ವಂಡೂರು, ನಿಲಂಬೂರು ಕಡೆಗಾದರೆ ಶೊರನೂರಿನಲ್ಲಿ ಇಳಿದು ನಿಲಂಬೂರಿನ ಪ್ಯಾಸೆಂಜರ್ ಹತ್ತಿ. 66 ಕಿ.ಮೀ.ಯ ಒಂಟಿ ಹಳಿ ಇದು, ನಿಲ್ದಾಣಗಳೇ ತೇಗದ, ಆಲದ ನೆರಳಿನಲ್ಲಿವೆ. ಪೆರಿಂದಲ್ಮಣ್ಣಕ್ಕೆ ಅಂಗಾಡಿಪ್ಪುರಂ ನಿಲ್ದಾಣ, ವಂಡೂರು ಕಾಳಿಕಾವು ಕಡೆಗೆ ವಾಣಿಯಂಬಲಂ. ಈ ಹಳಿಯಲ್ಲಿ ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯುವ ಬದಲು ಶೊರನೂರಿನಿಂದ ಬಸ್ಸಿಗೆ ಹೋಗುವುದೇ ವಾಸಿ.

ವಾಪಸ್ ರೈಲಿನ ಲೆಕ್ಕ ಇಲ್ಲೇ ಹೇಳಿಬಿಡಬೇಕು. ಯಶವಂತಪುರಕ್ಕೆ ಮರಳುವ 16528 ಸಂಜೆ ಕಣ್ಣೂರು ಬಿಟ್ಟು ರಾತ್ರಿ ತಿರೂರು ಹಾಯುತ್ತದೆ, ಅಂದರೆ ನೀವು ಅಟ್ಟಣಿಗೆಯಲ್ಲಿ ಕೂತಿರುವ ಹೊತ್ತಿಗೇ. ಪಂದ್ಯದ ರಾತ್ರಿಯೇ ಆ ರೈಲು ಹಿಡಿಯುತ್ತೇನೆ ಅನ್ನುವ ಯೋಜನೆ ಆಗದ ಮಾತು. ಮಾರನೆಯ ರಾತ್ರಿಯ ಟಿಕೆಟ್ ಮಾಡಿಸಿ.

ಮಂಗಳೂರು, ಕಾಸರಗೋಡಿನಿಂದ

ಕರಾವಳಿಯವರಿಗೆ ಇದು ಬಹಳ ಸಲೀಸು. ಬೆಳಿಗ್ಗೆ ಪರಶುರಾಮ್ ಅಥವಾ ಏರನಾಡ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದೊಳಗೆ ತಿರೂರು. ಏರನಾಡ್ ಅಂದರೆ ಮಂಜೇರಿ ಇರುವ ತಾಲೂಕಿನ ಹೆಸರೇ. ಇದೇ ಹಳಿಯಲ್ಲಿ ರಾತ್ರಿ ಮಂಗಳೂರಿನತ್ತ ಹೋಗುವ ರೈಲುಗಳೂ ಇವೆ. ಆದರೆ ಹಳ್ಳಿಯ ಮೈದಾನದಿಂದ ರಾತ್ರಿ ಹತ್ತೂವರೆಗೆ ಹೊರಬಿದ್ದು ತಿರೂರು ತಲುಪಲು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಅದೂ ಮೊದಲೇ ಗೊತ್ತುಮಾಡಿದ ವಾಹನ ಇದ್ದರೆ. ನಡುರಾತ್ರಿ ದಾಟಿದ ಮೇಲಿನ ರೈಲಿಗೆ ಮಾತ್ರ ಟಿಕೆಟ್ ಮಾಡಿ.

ಮೈಸೂರು ಕಡೆಯಿಂದ ಸ್ವಂತ ಗಾಡಿ

ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ನಾಡುಗಾಣಿ ಘಟ್ಟ, ವಳಿಕ್ಕಡವು, ನಿಲಂಬೂರು. ಮೈಸೂರಿನಿಂದ ನಿಲಂಬೂರಿಗೆ ಸುಮಾರು 165 ಕಿ.ಮೀ., ಅಲ್ಲಿಂದ ಮಂಜೇರಿಗೆ ಇನ್ನೊಂದು 25. ದೂರ ಕಡಿಮೆ ಅನ್ನಿಸಿದರೂ ಕಾಡಿನ ರಸ್ತೆ, ಘಟ್ಟ, ಎರಡು ಗಡಿ. ಬೆಳಿಗ್ಗೆ ಎಂಟಕ್ಕೆ ಮೈಸೂರು ಬಿಟ್ಟರೆ ಮಂಜೇರಿಗೆ ಮಧ್ಯಾಹ್ನ ಎರಡು ಮೂರು ಗಂಟೆ ಅಂತ ಇಟ್ಟುಕೊಳ್ಳಿ.

ಈ ದಾರಿಯಲ್ಲಿ ಮೂರು ಸಂಗತಿ ಮರೆಯಬಾರದು.

ಒಂದು, ಬಂಡೀಪುರದ ರಾತ್ರಿ ಸಂಚಾರ ನಿಷೇಧ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೂಡಲೂರು ರಸ್ತೆಯೂ ಮುಚ್ಚಿರುತ್ತದೆ, ಸುಲ್ತಾನ್ ಬತ್ತೇರಿ ರಸ್ತೆಯೂ ಮುಚ್ಚಿರುತ್ತದೆ. 2009ರಿಂದ ಇದೇ ನಿಯಮ. ಪಂದ್ಯ ಮುಗಿಸಿ ರಾತ್ರಿಯೇ ಮನೆ ಸೇರುತ್ತೇವೆ ಅಂತ ಹೊರಟವರು ಚೆಕ್‌ಪೋಸ್ಟಿನ ಮುಂದೆ ಗಾಡಿಯಲ್ಲೇ ಬೆಳಗು ಮಾಡಬೇಕಾಗುತ್ತದೆ. ತುರ್ತಾಗಿ ಮರಳಲೇಬೇಕಾದರೆ ಮಾನಂದವಾಡಿ, ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ದಾರಿ ಇದೆ. ಆದರೆ ಅದು ಬಹಳ ಸುತ್ತು, ಜೊತೆಗೆ ತಾಮರಶ್ಶೇರಿ ಘಟ್ಟದಂಥ ಏರನ್ನು ಕತ್ತಲಲ್ಲಿ ಹತ್ತಬೇಕು. ದಿನವಿಡೀ ಗಾಡಿ ಓಡಿಸಿ, ರಾತ್ರಿ ಆಟ ನೋಡಿದ ಚಾಲಕ ಆ ದಾರಿ ಹಿಡಿಯಬಾರದು ಅಂತಲೇ ನಾವು ಹೇಳುವುದು.

ಎರಡು, ಗೂಡಲೂರು ಇರುವುದು ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ. ಆ ಜಿಲ್ಲೆಗೆ ಬರುವ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ. ಹೊರಡುವ ಮುನ್ನ ಆಗಿನ ನಿಯಮ ನೋಡಿ ಪಾಸ್ ಮಾಡಿಸಿ ಫೋನಿನಲ್ಲಿ ಉಳಿಸಿಕೊಳ್ಳಿ. ಕಾಡಿನ ನಡುವೆ ನೆಟ್‌ವರ್ಕ್ ಕೈಕೊಡುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನೀರಿನ ಬಾಟಲಿಯೂ ಅಲ್ಲಿ ನಿಷಿದ್ಧ, ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಂಡು ದಂಡ ಹಾಕುತ್ತಾರೆ. ಮನೆಯಿಂದ ಸ್ಟೀಲ್ ಬಾಟಲಿ ತನ್ನಿ.

ಮೂರು, ಕಾಡಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಚಹಾ, ಶೌಚ, ಪೆಟ್ರೋಲು ಎಲ್ಲ ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಿ. ಮುಂದಿನ ನಿಲುಗಡೆ ಗೂಡಲೂರು.

ಬತ್ತೇರಿ, ಕಲ್ಪೆಟ್ಟ ದಾರಿಯೂ ಇದೆ, ಕೋಯಿಕ್ಕೋಡ್ ಬಸ್ಸುಗಳು ಅದರಲ್ಲೇ ಹೋಗುತ್ತವೆ. ಶನಿವಾರ, ಭಾನುವಾರ ತಾಮರಶ್ಶೇರಿ ಘಟ್ಟದ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಗಂಟೆಗಟ್ಟಲೆ ಸಾಲು. ವಾರದ ನಡುವೆ ಹೋಗುವುದಾದರೆ ಮಾತ್ರ ಈ ದಾರಿ ಹಿಡಿಯಿರಿ.

ತಂಗುವುದು ಎಲ್ಲಿ

ಮೈದಾನದ ಹಳ್ಳಿಯಲ್ಲಿ ಲಾಡ್ಜ್ ಹುಡುಕಬೇಡಿ. ಮಂಜೇರಿ ಅಥವಾ ಪೆರಿಂದಲ್ಮಣ್ಣದಲ್ಲಿ ಕೋಣೆ ಹಿಡಿದರೆ ಜಿಲ್ಲೆಯ ಹೆಚ್ಚಿನ ಮೈದಾನಗಳು 30 ಕಿ.ಮೀ. ಒಳಗೆ ಸಿಗುತ್ತವೆ. ಅರೀಕೋಡ್, ಮಂಬಾಡ್, ವಂಡೂರು ಕಡೆಗೆ ಮಂಜೇರಿ ಒಳ್ಳೆಯದು. ಪೆರಿಂದಲ್ಮಣ್ಣ ದೊಡ್ಡ ಆಸ್ಪತ್ರೆಗಳ ಊರಾದ್ದರಿಂದ ರೋಗಿಗಳ ಕಡೆಯವರಿಗಾಗಿ ಲಾಡ್ಜುಗಳು ಹೇರಳ, ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆಗೆಯುತ್ತಾರೆ. ಬೇರೆ ಕಡೆ ಕೋಣೆ ಹಿಡಿದರೆ ‘ರಾತ್ರಿ ಹನ್ನೊಂದೂವರೆಗೆ ಬರುತ್ತೇವೆ’ ಅಂತ ಮೊದಲೇ ಹೇಳಿಡಿ. ಗೇಟಿಗೆ ಬೀಗ ಹಾಕಿ ಮಲಗುವ ಕಡೆಗಳೂ ಇವೆ.

ಮಂಜೇರಿಯಲ್ಲಿ ತಂಗಿದವರು ಪಯ್ಯನಾಡ್ ಸ್ಟೇಡಿಯಂ ಹೊರಗಿನಿಂದಾದರೂ ನೋಡಿ ಬನ್ನಿ. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯ 2022ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಕೇರಳದ ಎದುರು 3-7ರಿಂದ ಸೋತದ್ದು ಅಲ್ಲೇ. ಬದಲಿಯಾಗಿ ಇಳಿದ ಕೇರಳದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ಮುಂದಿನ ಋತುವಿನಲ್ಲೇ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ, ಕರ್ನಾಟಕ 54 ವರ್ಷಗಳ ಬಳಿಕ ಆ ಟ್ರೋಫಿ ಗೆದ್ದಿತು. ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಇನ್ನೊಂದು ನಂಟೂ ಇದೆ: ಆ ತಂಡಕ್ಕೆ ಆಡಿದ ಆಶಿಕ್ ಕುರುಣಿಯನ್ ಇದೇ ಜಿಲ್ಲೆಯವರು. ಅಟ್ಟಣಿಗೆಯಲ್ಲಿ ಪಕ್ಕದವರೊಂದಿಗೆ ಮಾತಿಗೆ ಎಳೆ ಬೇಕಾದರೆ ಆ ಹೆಸರು ಸಾಕು.

ಪಂದ್ಯದ ಸಂಜೆ, ಗಂಟೆ ಗಂಟೆಗೆ

ಸಂಜೆ ಐದೂವರೆಗೆ ಊಟದಂಥ ತಿಂಡಿ ತಿನ್ನಿ. ಸಸ್ಯಾಹಾರಿಗಳಿಗೆ ಇದು ಬಹಳ ಮುಖ್ಯ. ಪೇಟೆಯ ಸಸ್ಯಾಹಾರಿ ಹೋಟೆಲುಗಳು ಬೇಗ ಮುಚ್ಚುತ್ತವೆ. ರಾತ್ರಿ ಹತ್ತರ ಮೇಲೆ ತೆರೆದಿರುವ ತಟ್ಟುಕಡೆ ಎಂಬ ರಸ್ತೆಬದಿಯ ಗೂಡಂಗಡಿಗಳಲ್ಲಿ ಸಿಗುವುದು ಪರೋಟ, ಆಮ್ಲೆಟ್, ಮಾಂಸದ ಪದಾರ್ಥ. ಕಡಲೆ ಗಸಿ ಇದ್ದರೂ ಅದೇ ಸೌಟು ಎಲ್ಲ ಪಾತ್ರೆಗೂ ಹೋಗಿರುತ್ತದೆ. ಪರೋಟಕ್ಕೆ ಹಾಕುವ ಗ್ರೇವಿ ಮಾಂಸದ್ದೇ ಇರಬಹುದು, ಹಾಕಿಸಿಕೊಳ್ಳುವ ಮೊದಲು ಕೇಳಿ. ಬಾಳೆಹಣ್ಣು ಒಂದು ಚಿಪ್ಪು ಕೋಣೆಯಲ್ಲಿಟ್ಟು ಹೊರಡಿ.

ಆರೂವರೆಗೆ ಶೌಚಾಲಯಕ್ಕೆ ಹೋಗಿ ಬನ್ನಿ. ಗದ್ದೆ ಮೈದಾನಗಳಲ್ಲಿ, ಮುಖ್ಯವಾಗಿ ಹೆಂಗಸರಿಗೆ, ಸರಿಯಾದ ಶೌಚಾಲಯ ಇರುವುದಿಲ್ಲ. ದಾರಿಯ ಪೆಟ್ರೋಲ್ ಬಂಕೇ ಕೊನೆಯ ಅವಕಾಶ.

ಹೋಗುವಾಗ ಬಸ್ಸು ಸಿಗುತ್ತದೆ, ಬರುವಾಗ ಸಿಗುವುದಿಲ್ಲ. ಹಳ್ಳಿ ಕಡೆಯ ಖಾಸಗಿ ಬಸ್ಸುಗಳು ರಾತ್ರಿ ಎಂಟು ಒಂಬತ್ತಕ್ಕೆಲ್ಲ ನಿಂತುಹೋಗುತ್ತವೆ. ಆದ್ದರಿಂದ ಪೇಟೆಯಿಂದಲೇ ಆಟೋ ಗೊತ್ತುಮಾಡಿ, ಹೋಗಿಬರುವ ಬಾಡಿಗೆ, ಕಾಯುವ ಹಣ ಎಲ್ಲ ಮೊದಲೇ ಮಾತಾಡಿ. ಮಲಪ್ಪುರಂ ಆಟೋ ಚಾಲಕರಿಗೆ ಆಟದ ಹುಚ್ಚು ಇದ್ದೇ ಇರುತ್ತದೆ. ಅವರಿಗೂ ಒಂದು ಟಿಕೆಟ್ ತೆಗೆದುಕೊಟ್ಟರೆ ಕಾಯುವ ಹಣದ ಮಾತೇ ಬಾರದಿರಬಹುದು, ಜೊತೆಗೆ ಪಕ್ಕದಲ್ಲಿ ಕೂತು ಆಟಗಾರರನ್ನು ಪರಿಚಯಿಸುವವರೂ ಸಿಕ್ಕಂತಾಗುತ್ತದೆ.

ಏಳೂಕಾಲಿಗೆ ಮೈದಾನದ ಬಾಗಿಲಲ್ಲಿರಿ. ಮುಖ್ಯ ಪಂದ್ಯ ಎಂಟರ ಮೇಲೆಯೇ. ಆದರೆ ಹಲವು ಕಡೆ ಅದಕ್ಕೂ ಮುನ್ನ ಊರ ಹುಡುಗರ 20 ವರ್ಷದೊಳಗಿನ ಪಂದ್ಯ ಇರುತ್ತದೆ. ಅದನ್ನು ನೋಡುವ ನೆಪದಲ್ಲಿ ಒಳ್ಳೆಯ ಜಾಗವೂ ಸಿಗುತ್ತದೆ.

ಗಾಡಿ ತಂದವರು ಮೈದಾನದ ಹತ್ತಿರ ಹೋಗಬೇಡಿ. ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ ಗಾಡಿ ಎಲ್ಲರೂ ಹೋಗುವವರೆಗೆ ಹೊರಬರದು. ಮುಖ್ಯ ರಸ್ತೆಯಲ್ಲೇ, ಮರಳುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ ಅರ್ಧ ಕಿ.ಮೀ. ನಡೆಯಿರಿ.

ಟಿಕೆಟ್

ಬಾಗಿಲಲ್ಲೇ ತಗಡಿನ ಗೂಡಿನಂಥ ಕೌಂಟರ್. ಎರಡು ಬಗೆ: ಗ್ಯಾಲರಿ, ಅಂದರೆ ಅಟ್ಟಣಿಗೆ, ಮತ್ತು ಕುರ್ಚಿ. ಗ್ಯಾಲರಿಗೆ ನೂರು ರೂಪಾಯಿ ಆಸುಪಾಸು, ಕುರ್ಚಿಗೆ ಅದಕ್ಕಿಂತ ಹೆಚ್ಚು. ಸೆಮಿಫೈನಲ್ ಬಂದಂತೆ ಏರುತ್ತದೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಸಾವಿರಾರು ಜನ ಒಂದೇ ಕಡೆ ಸೇರಿದಾಗ ಫೋನಿನಲ್ಲಿ ಹಣ ಹೋಗದೆ ಚಕ್ರ ಸುತ್ತುತ್ತ ನಿಲ್ಲುತ್ತದೆ, ಹಿಂದಿನ ಸಾಲು ಕಾಯುವುದಿಲ್ಲ. ಮಕ್ಕಳು, ಹೆಂಗಸರು, ವಯಸ್ಸಾದವರು ಜೊತೆಗಿದ್ದರೆ ಕುರ್ಚಿಯೇ ತೆಗೆದುಕೊಳ್ಳಿ. ನೆಲದ ಮೇಲೆ, ಗೆರೆಯ ಹತ್ತಿರ ಕೂತರೆ ಆಟ ಚೆನ್ನಾಗಿ ಕಾಣುತ್ತದೆ. ಅಪಾಯವೂ ಕಡಿಮೆ, ಒಂದನ್ನು ಬಿಟ್ಟು: ಚೆಂಡು. ಹತ್ತು ಅಡಿ ದೂರದಿಂದ ಬಡಿದ ಚೆಂಡು ಮುಖಕ್ಕೆ ಬಂದರೆ ಕನ್ನಡಕ ಉಳಿಯದು. ಪುಟ್ಟ ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಬೇಡಿ.

ಅಟ್ಟಣಿಗೆ ಹತ್ತುವ ಮುನ್ನ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. 2022ರ ಮಾರ್ಚ್ 19ರಂದು ವಂಡೂರು ಹತ್ತಿರದ ಪೂಙೋಡಿನಲ್ಲಿ ಫೈನಲ್ ಪಂದ್ಯದ ಹೊತ್ತಿಗೆ ತಾತ್ಕಾಲಿಕ ಗ್ಯಾಲರಿ ಕುಸಿದು ಇನ್ನೂರರಷ್ಟು ಜನ ಗಾಯಗೊಂಡರು. 2020ರ ಜನವರಿಯಲ್ಲಿ ಪಾಲಕ್ಕಾಡಿನಲ್ಲಿಯೂ ಹೀಗೇ ಆಗಿತ್ತು. ಖಾದರಲಿ ಪಂದ್ಯಾವಳಿಯಲ್ಲಿ ಆಡುತ್ತಲೇ ಕುಸಿದು ತೀರಿಕೊಂಡ ಆಟಗಾರ ಆರ್. ಧನರಾಜನ್ ಅವರ ಕುಟುಂಬಕ್ಕೆ ನೆರವಾಗಲೆಂದು ಏರ್ಪಡಿಸಿದ್ದ ಪಂದ್ಯ ಅದು. ಎರಡು ಕಡೆಯೂ ಲೆಕ್ಕಕ್ಕಿಂತ ಹೆಚ್ಚು ಜನ ಸೇರಿದ್ದರು.

ಕಂಬ, ಬಿದಿರು, ಹಲಗೆ, ಹಗ್ಗ. ಮರದ ಅಟ್ಟಣಿಗೆ ಅಂದರೆ ಇಷ್ಟೇ, ಈಗ ಕೆಲವು ಕಡೆ ಕಬ್ಬಿಣದ ಪೈಪು ಬಂದಿದೆ. ನಿಂತ ಭಾರವನ್ನು ಅದು ಚೆನ್ನಾಗಿಯೇ ಹೊರುತ್ತದೆ. ಬೀಳುವುದು ಪಕ್ಕಕ್ಕೆ ವಾಲಿ. ಗೋಲಾದಾಗ ಸಾವಿರ ಜನ ಒಟ್ಟಿಗೆ ಎದ್ದು ಕುಣಿದರೆ ಇಡೀ ಕಟ್ಟಡ ಅಡ್ಡಡ್ಡ ತೂಗುತ್ತದೆ. ಆ ತೂಗಾಟ ತಡೆಯಲು ಕಂಬದಿಂದ ಕಂಬಕ್ಕೆ ಓರೆಯಾಗಿ, ಗುಣಾಕಾರದ ಚಿಹ್ನೆಯಂತೆ, ಗಳು ಕಟ್ಟಿರಬೇಕು. ಹತ್ತುವ ಮೊದಲು ಹಿಂಬದಿಗೆ ಹೋಗಿ, ಫೋನಿನ ಬೆಳಕು ಹಾಕಿ ನೋಡಿ. ಓರೆ ಗಳುಗಳು ಪ್ರತಿ ಎರಡು ಮೂರು ಕಂಬಕ್ಕೊಮ್ಮೆ ಇವೆಯೇ? ಬರೀ ನೆಟ್ಟ ಕಂಬ, ಅಡ್ಡ ಗಳು ಮಾತ್ರ ಇದ್ದರೆ ಹತ್ತಬೇಡಿ. ಕಂಬದ ಬುಡದ ಮಣ್ಣು ಗಟ್ಟಿಯಾಗಿದೆಯೇ, ಇಲ್ಲಾ ಬುಡದ ಸುತ್ತ ಬೆರಳು ತೂರುವಷ್ಟು ಸಂದು ಬಿದ್ದಿದೆಯೇ? ಸಂದು ಇದ್ದರೆ ಆ ಕಂಬ ಹಿಂದಿನ ರಾತ್ರಿಗಳಲ್ಲೇ ಅಲುಗಿದೆ ಎಂದರ್ಥ. ಮಳೆ ಬಂದು ಹೋದ ಮಾರನೆಯ ದಿನ ಇದನ್ನು ಇನ್ನೂ ಎಚ್ಚರದಿಂದ ನೋಡಿ, ಗದ್ದೆಯ ಮಣ್ಣು ಕಂಬವನ್ನು ಬಿಟ್ಟುಕೊಡುತ್ತದೆ. ಹಗ್ಗದ ಗಂಟಿನ ಕೆಳಗೆ ಗಳು ಜಾರಿದ ಹೊಸ ಗೀರು ಕಂಡರೂ ಅದೇ ಮಾತು.

ಕೂರುವುದು ಕೆಳಗಿನ ಐದಾರು ಸಾಲಿನಲ್ಲಿ, ಮೆಟ್ಟಿಲ ಪಕ್ಕಕ್ಕೆ. ಎಲ್ಲಕ್ಕಿಂತ ಮೇಲಿನ ಸಾಲಿನ ಮೂಲೆಯಿಂದ ಮೈದಾನ ಸೊಗಸಾಗಿ ಕಾಣುತ್ತದೆ ನಿಜ, ಆದರೆ ತೂಗಾಟವೂ ಅಲ್ಲೇ ಹೆಚ್ಚು, ಇಳಿಯುವ ದಾರಿಯೂ ಅಲ್ಲಿಂದಲೇ ದೂರ. ಅಟ್ಟಣಿಗೆಯ ಅಡಿಯಲ್ಲಿ ನಿಂತು ಕಾಲುಗಳ ಸಂದಿನಿಂದ ನೋಡುವವರಿರುತ್ತಾರೆ, ಅಲ್ಲಿಗೆ ಮಾತ್ರ ಹೋಗಲೇಬೇಡಿ. ಹಲಗೆ ತುಂಬಿದ ಮೇಲೂ ಜನ ಹತ್ತುತ್ತಿದ್ದರೆ, ಕಿರ್ರೆನ್ನುವ ಸದ್ದು ಬಂದು ನಿಲ್ಲದಿದ್ದರೆ, ಟಿಕೆಟಿನ ಹಣ ಹೋಯಿತು ಅಂದುಕೊಂಡು ಇಳಿದುಬಿಡಿ.

ಪಟಾಕಿ ಇನ್ನೊಂದು. 2025ರ ಫೆಬ್ರವರಿಯಲ್ಲಿ ಅರೀಕೋಡ್ ಹತ್ತಿರದ ತೆರಟ್ಟಮ್ಮಲ್‌ನಲ್ಲಿ ಫೈನಲ್ ಶುರುವಾಗುವ ಮುನ್ನ ಹಾರಿಸಿದ ಬಾಣ ಜನರ ನಡುವೆ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಸುಟ್ಟ ಗಾಯವಾಯಿತು. ಪಟಾಕಿ ಜೋಡಿಸಿಟ್ಟ ಕಡೆಯಿಂದ ಎದುರು ದಿಕ್ಕಿಗೆ ಹೋಗಿ ಕೂರಿ. ಕ್ವಾರ್ಟರ್‌ಫೈನಲ್ ರಾತ್ರಿ ಸಾಮಾನ್ಯವಾಗಿ ಈ ಗಲಾಟೆ ಇರುವುದಿಲ್ಲ. ಏನಾದರೂ ಆದರೆ 112 ಅಥವಾ 108.

ಆಟ ನೋಡುವ ಬಗೆ

ತಲಾ ಅರ್ಧ ಗಂಟೆಯ ಎರಡು ಭಾಗ, ಒಟ್ಟು 60 ನಿಮಿಷ. ಆಫ್‌ಸೈಡ್ ಇಲ್ಲ. ಇದೊಂದು ಗೊತ್ತಿದ್ದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ: ಗೋಲು ಹೊಡೆಯುವ ಫಾರ್ವರ್ಡ್ ಎದುರಾಳಿಯ ಗೋಲಿನ ಬಾಯಲ್ಲೇ ನಿಲ್ಲಬಹುದು, ಹಾಗಾಗಿ ಹಿಂದಿನಿಂದ ಒಂದೇ ಉದ್ದ ಹೊಡೆತದಲ್ಲಿ ಚೆಂಡು ಅಲ್ಲಿಗೆ ಬರುತ್ತದೆ, ಅಲ್ಲಿ ಮೈಗೆ ಮೈ ತಾಗಿಸಿ ನಿಂತ ಸ್ಟಾಪರ್ (ಗೋಲಿನ ಮುಂದೆ ತಡೆಯುವ ಆಟಗಾರ) ಮತ್ತು ಫಾರ್ವರ್ಡ್ ನಡುವೆ ಜಗ್ಗಾಟ. ಮೈಕಟ್ಟು ಇರುವ ಆಫ್ರಿಕಾದ ಆಟಗಾರರಿಗೆ ಇಲ್ಲಿ ಬೇಡಿಕೆ ಬಂದದ್ದು ಇದಕ್ಕೇ. ಘಾನಾ, ನೈಜೀರಿಯಾ, ಲೈಬೀರಿಯಾ, ಐವರಿ ಕೋಸ್ಟ್‌ನಿಂದ ಬರುತ್ತಾರೆ, ಒಂದು ತಂಡಕ್ಕೆ ಸಾಮಾನ್ಯವಾಗಿ ಮೂವರು. ಮೈದಾನ ಚಿಕ್ಕದಾದ್ದರಿಂದ ಅರ್ಧ ಗೆರೆಯಿಂದಲೂ ಗೋಲಿಗೆ ಹೊಡೆಯುತ್ತಾರೆ. ಚೆಂಡಿನ ಮೇಲೆ ಮಾತ್ರ ಕಣ್ಣಿಟ್ಟರೆ ಅರ್ಧ ಆಟ ತಪ್ಪಿಹೋಗುತ್ತದೆ. ಚೆಂಡು ಈ ತುದಿಯಲ್ಲಿದ್ದಾಗ ಆ ತುದಿಯ ಸ್ಟಾಪರ್‌ನ ಕಾಲು ನೋಡಿ, ಅವನು ಒಂದು ಹೆಜ್ಜೆ ಎತ್ತ ಇಟ್ಟ ಅನ್ನುವುದರಲ್ಲಿ ಮುಂದಿನ ಗೋಲು ಇರುತ್ತದೆ. ಸಮವಾದರೆ ಪೆನಾಲ್ಟಿ. ಅದೂ ಸಮವಾದರೆ ಕೆಲವು ಪಂದ್ಯಾವಳಿಗಳಲ್ಲಿ ಟಾಸ್‌ನಲ್ಲೇ ತೀರ್ಮಾನ.

ಆಫ್ರಿಕಾದವರನ್ನೆಲ್ಲ ಅಲ್ಲಿ ‘ಸುಡಾನಿ’ ಅಂತ ಕರೆಯುವ ರೂಢಿ ಇದೆ, ನೀವು ಕರೆಯಬೇಡಿ. 2024ರ ಮಾರ್ಚ್‌ನಲ್ಲಿ ಅರೀಕೋಡ್ ಬಳಿ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೋಗಿ ಹೊಡೆದರು. ಬಣ್ಣದ ಹೆಸರಿನಲ್ಲಿ ಬೈದರೆಂದು ಅವನು ಪೊಲೀಸರಿಗೆ ದೂರು ಕೊಟ್ಟ. ಮೈಕಿನಲ್ಲಿ ಹೆಸರು ಹೇಳುತ್ತಾರೆ, ಅದನ್ನೇ ಕೂಗಿ. ಪಂದ್ಯ ಬಿಸಿಯಾಗಿ ಜಗಳ ಎದ್ದರೆ ಫೋನ್ ಹಿಡಿದು ಹತ್ತಿರ ಹೋಗದೆ, ಬಾಗಿಲತ್ತ ಸರಿಯಿರಿ.

ವಿರಾಮದಲ್ಲಿ ಪೊಟ್ಟಣದ ಬಿಸಿ ಕಡಲೆ, ನಿಂಬೆ ಹಿಂಡಿದ ಸುಲೈಮಾನಿ ಚಹಾ, ಉಪ್ಪುನೀರಿನಲ್ಲಿ ನೆನೆಸಿಟ್ಟ ಮಾವು, ನೆಲ್ಲಿಕಾಯಿ, ಅನಾನಸು. ಈ ಕೊನೆಯದಕ್ಕೆ ಅಲ್ಲಿ ಉಪ್ಪಿಲಿಟ್ಟದ್ ಅನ್ನುತ್ತಾರೆ. ನಾಲಿಗೆಗೆ ಹಿತ, ಆದರೆ ಮಾರನೆಯ ದಿನ ಘಟ್ಟ ಹತ್ತುವ ಹೊಟ್ಟೆಯವರು ಒಂದು ತುಂಡಿಗೆ ನಿಲ್ಲಿಸಿ. ಸೊಳ್ಳೆಗೆ ಮುಲಾಮು, ತೆಳು ಉದ್ದ ತೋಳಿನ ಅಂಗಿ, ಧೂಳಿಗೆ ಒಂದು ಕರ್ಚೀಫು. ಹಲಗೆ ಒರಟಾದ್ದರಿಂದ ಕೂರಲು ಹಳೆಯ ಪತ್ರಿಕೆ. ಇದಕ್ಕಿಂತ ಹೆಚ್ಚು ಸಾಮಾನು ಬೇಡ.

ಪಂದ್ಯ ಮುಗಿದ ಮೇಲೆ

ಕೊನೆಯ ಸೀಟಿ ಊದಿದ ಕೂಡಲೇ ಏಳಬೇಡಿ. ಅಟ್ಟಣಿಗೆಯ ಮೆಟ್ಟಿಲ ಮೇಲೆ ನೂಕಾಟ ಆಗುವುದು ಆ ಮೊದಲ ಐದು ನಿಮಿಷದಲ್ಲೇ. ಹತ್ತು ನಿಮಿಷ ಕೂತು, ಸಾಲು ತೆಳುವಾದ ಮೇಲೆ ಇಳಿಯಿರಿ. ದೀಪ ಕೆಲವೊಮ್ಮೆ ಬೇಗ ಆರಿಸುತ್ತಾರೆ, ಫೋನಿನಲ್ಲಿ ಕಾಲು ಭಾಗ ಚಾರ್ಜ್ ಉಳಿಸಿಕೊಂಡಿರಿ. ಆಟೋದವರೊಂದಿಗೆ ಸೇರುವ ಜಾಗವನ್ನು ಮೈದಾನದ ಬಾಗಿಲಿಗೆ ಬದಲು ಮುಖ್ಯ ರಸ್ತೆಯ ಮಸೀದಿಯೋ ಅಂಗಡಿಯೋ ಅಂತ ಗುರುತು ಹೇಳಿಟ್ಟಿರಿ. ಆ ಗದ್ದಲದಲ್ಲಿ ಫೋನ್ ಕರೆ ಸೇರುವುದಿಲ್ಲ.

ಮೈಸೂರು ದಾರಿಯವರು ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟರೂ ಸಾಕು, ಮಧ್ಯಾಹ್ನದ ಬಿಸಿಲೇರುವ ಮುನ್ನ ನಾಡುಗಾಣಿ ಘಟ್ಟ ಹತ್ತಿಬಿಡಬಹುದು. ರೈಲು ರಾತ್ರಿಗೆ ಇರುವವರಿಗೆ ಇಡೀ ಹಗಲು ಕೈಯಲ್ಲಿರುತ್ತದೆ: ನಿಲಂಬೂರಿನ ತೇಗದ ವಸ್ತುಸಂಗ್ರಹಾಲಯ ನೋಡಿ, ಅಲ್ಲಿಂದ ಪ್ಯಾಸೆಂಜರ್‌ನಲ್ಲಿ ಶೊರನೂರಿಗೆ ಇಳಿಯಿರಿ. ಶೊರನೂರಿನಲ್ಲೇ ಹತ್ತುವುದಾದರೆ ಟಿಕೆಟ್ ಮಾಡಿಸುವಾಗಲೇ ಹತ್ತುವ ನಿಲ್ದಾಣ ಶೊರನೂರು ಅಂತ ಹಾಕಿಸಿ, ತಿರೂರು ಅಂತಿದ್ದರೆ ನಿಮ್ಮ ಬರ್ತು ಬೇರೆಯವರ ಪಾಲಾಗಬಹುದು.